ಪತ್ತಾಕಿನ ರಾಣಿ, ಪೆಟ್ಟಿಗೆಯ ರಾಜ

ಕಾವೇರಿ ಸಂಕ್ರಮಣದ ಮರುದಿನ ಕೊಡಗಿನ ಮನೆಗಳಲ್ಲಿ ಕಣಿಪೂಜೆ. ಬೆಳಕು ಹರಿಯುವ ಮೊದಲೇ ಹೆಂಗಸರು ತಟ್ಟೆಯಲ್ಲಿ ಅಕ್ಕಿ ಹರಡಿ, ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಮನೆಯ ಒಡವೆ ತೊಡಿಸಿ, ಕಾವೇರಮ್ಮನೆಂದು ಕೈ ಮುಗಿಯುತ್ತಾರೆ. ತೊಡಿಸುವ ಒಡವೆಗಳಲ್ಲಿ ಪತ್ತಾಕಿಗೆ ಮೊದಲ ಮರ್ಯಾದೆ. ಪತ್ತಾಕಿನ ನಟ್ಟನಡುವೆ ಒಂದು ಚಿನ್ನದ ನಾಣ್ಯ, ಆ ನಾಣ್ಯದಲ್ಲಿ ವಿಕ್ಟೋರಿಯಾ ರಾಣಿ, ಇಲ್ಲವೇ ಐದನೇ ಜಾರ್ಜ್ ದೊರೆ. ಹೀಗೆ ವರ್ಷಕ್ಕೊಮ್ಮೆ ಕಾವೇರಿಯ ಕೊರಳಿನಲ್ಲಿ ಇಂಗ್ಲೆಂಡಿನ ರಾಣಿ ತೂಗುತ್ತಾಳೆ. ಇದರಲ್ಲಿ ವಿಚಿತ್ರವೇನೂ ಯಾರಿಗೂ ಕಾಣುವುದಿಲ್ಲ. ರಾಣಿ ಹೊಳೆಯುತ್ತಿದ್ದರೆ ಸರಿ.

ಅದೇ ಮನೆಯ ಅಟ್ಟದ ಮೇಲೋ ಹಳೆಯ ಪೆಟ್ಟಿಗೆಯ ತಳದಲ್ಲೋ ಇನ್ನೊಂದು ಗಂಟಿರುತ್ತದೆ. ಅರಿಸಿನ ಬಟ್ಟೆಯಲ್ಲಿ ಕಟ್ಟಿಟ್ಟ ಮುಡಿಪು, ತಾತ ಬಿಟ್ಟುಹೋದ ನಾಲ್ಕಾರು ಬೆಳ್ಳಿ ರೂಪಾಯಿ, ತೂತು ಕಾಸು, ಯಾವ ಕಾಲದ್ದೆಂದು ಗೊತ್ತಾಗದ ತಾಮ್ರದ ಬಿಲ್ಲೆ. ಅಲ್ಲಿಯೂ ಅದೇ ರಾಣಿ, ಅದೇ ದೊರೆ; ಮುಖ ಮಾತ್ರ ಮಸಿ ಬಳಿದಂತೆ ಕಪ್ಪು. ಹಬ್ಬದ ಮುಂಚಿನ ಸ್ವಚ್ಛತೆಯ ಭರದಲ್ಲಿ ಈ ಗಂಟು ಯಾರ ಕೈಗಾದರೂ ಸಿಕ್ಕಿತೆಂದರೆ ಹುಣಸೆಹಣ್ಣಿನ ಉಂಡೆ ಹೊರಬರುತ್ತದೆ. ಅರ್ಧ ಗಂಟೆಯಲ್ಲಿ ನೂರು ವರ್ಷದ ಕಪ್ಪು ಬಚ್ಚಲು ಸೇರುತ್ತದೆ.

ಕೊಡಗಿನಲ್ಲಿ ನಾಣ್ಯ ತೊಳೆಯುವ ಕತೆ ಹೇಳಬೇಕಾದರೆ, ನಾಣ್ಯ ಅಲ್ಲಿಗೆ ಬಂದ ಬಗೆಯಿಂದಲೇ ಶುರು ಮಾಡಬೇಕು. ಅದು ಅಂಥ ನೆಮ್ಮದಿಯ ಕತೆಯಲ್ಲ.

ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದ ಲೆಕ್ಕವೆಲ್ಲ ವರಹ ಮತ್ತು ಹಣದ್ದು. ಹಣವೆಂದರೆ ಇವತ್ತಿನ ಅರ್ಥದ ಹಣವಲ್ಲ, ಚಿನ್ನದ ಒಂದು ಪುಟ್ಟ ನಾಣ್ಯದ ಹೆಸರು. ಕೊಡವ ತಕ್ಕ್‌ನಲ್ಲಿ ಈಗಲೂ ದುಡ್ಡಿಗೆ ಪಣ ಎಂದೇ ಹೇಳುತ್ತಾರೆ. ಮಲಬಾರಿನ ಕಡೆ ಹೆಸರಾಗಿದ್ದ ವೀರರಾಯ ಹಣ ಅರ್ಧ ಗ್ರಾಮೂ ತೂಗುತ್ತಿರಲಿಲ್ಲ. ಕಿರುಬೆರಳಿನ ಉಗುರಿನ ಮೇಲೆ ಕೂರುವ ಈ ಚೂರುಗಳನ್ನು ಕೈಯಿಂದ ಎಣಿಸುವುದೇ ಕಷ್ಟವೆಂದು ಕೇರಳದಲ್ಲಿ ಸಾಲುಸಾಲು ಗುಳಿ ಕೊರೆದ ಹಲಗೆಗಳನ್ನು ಬಳಸುತ್ತಿದ್ದರು. ಹಲಗೆಯ ಮೇಲೆ ಹಿಡಿ ಹಣ ಸುರಿದು ಅಲುಗಿಸಿದರೆ ಗುಳಿಗೊಂದರಂತೆ ಕೂತುಬಿಡುತ್ತಿತ್ತು. ಉಜ್ಜಿ ತೊಳೆಯುವ ಪ್ರಶ್ನೆ ಈ ನಾಣ್ಯಕ್ಕೆ ಬರಲೇ ಇಲ್ಲ. ಚಿನ್ನ ಕಪ್ಪಾಗುವುದಿಲ್ಲ, ಮತ್ತೆ ಇಷ್ಟು ಸಣ್ಣದನ್ನು ಬಚ್ಚಲಿಗೆ ಒಯ್ಯುವ ಧೈರ್ಯ ಯಾರಿಗಿದ್ದೀತು?

ಕಪ್ಪಾಗುವ ನಾಣ್ಯಗಳು ಘಟ್ಟದ ಆಚೀಚೆಯಿಂದ ಬಂದವು. ಮೈಸೂರು ಸೀಮೆಯಿಂದ ಆನೆಯ ಗುರುತಿನ ತಾಮ್ರದ ಕಾಸು. ಅದನ್ನು ಟಿಪ್ಪುವೂ ಅಚ್ಚು ಹಾಕಿಸಿದ್ದ, ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರೂ ಹಾಕಿಸಿದರು. ಬೆಳ್ಳಿ ದೊಡ್ಡ ಪ್ರಮಾಣದಲ್ಲಿ ಬಂದದ್ದು ಈಸ್ಟ್ ಇಂಡಿಯಾ ಕಂಪನಿಯ ಜೊತೆಗೆ. 1834ರ ಏಪ್ರಿಲ್‌ನಲ್ಲಿ ಕೊನೆಯ ಹಾಲೇರಿ ಅರಸ ಚಿಕ್ಕವೀರರಾಜ ಗದ್ದುಗೆ ಬಿಟ್ಟಿಳಿದ, ಕೊಡಗು ಕಂಪನಿಯ ಕೈಸೇರಿತು. ಮರುವರ್ಷ, 1835ರಲ್ಲಿ, ಕಂಪನಿ ತನ್ನ ಆಡಳಿತದ ಎಲ್ಲ ಕಡೆಗೂ ಒಂದೇ ರೂಪಾಯಿ ಎಂದು ಕಾನೂನು ಮಾಡಿತು. 11.66 ಗ್ರಾಂ ತೂಕ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಒಂದು ಪಾಲು ಬೆರಕೆ. ಮುಖದ ಮೇಲೆ ನಾಲ್ಕನೇ ವಿಲಿಯಂ.

ಈ ರೂಪಾಯಿಗಾಗಿ ಎರಡೇ ವರ್ಷದಲ್ಲಿ ರಕ್ತ ಹರಿಯಿತು. ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕಂಪನಿ ಆಗಿನ ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿನ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಸಲ್ಲಿಸುತ್ತಿದ್ದವರು. ಇನ್ನು ಮುಂದೆ ನಗದಾಗಿಯೇ ಕಟ್ಟಬೇಕೆಂದು ಹುಕುಂ ಬಂತು. ಭತ್ತ ಇದ್ದವನ ಹತ್ತಿರ ರೂಪಾಯಿ ಇರಲಿಲ್ಲ. ರೂಪಾಯಿ ಇದ್ದವನು ಹೇಳಿದ್ದೇ ಭತ್ತದ ದರವಾಯಿತು. 1837ರಲ್ಲಿ ಕಲ್ಯಾಣಸ್ವಾಮಿ ಎಂಬವನ ಹೆಸರಿನಲ್ಲಿ ಎದ್ದ ದಂಗೆಗೆ ಕಾರಣ ಇದೊಂದೇ ಅಲ್ಲ, ಆದರೆ ಇದು ದೊಡ್ಡ ಕಾರಣ. ದಂಗೆಯವರು ಮೊದಲು ಕೈ ಹಾಕಿದ ಸ್ಥಳಗಳಲ್ಲಿ ಬೆಳ್ಳಾರೆಯ ಖಜಾನೆಯೂ ಒಂದು. ಅಲ್ಲಿಂದ ಮಂಗಳೂರಿನವರೆಗೂ ನುಗ್ಗಿದರು. ಕೊನೆಗೆ ಸೋತರು. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು.

ದಂಗೆ ಅಡಗಿಸುವಾಗ ಕಂಪನಿಯ ಪಕ್ಷ ವಹಿಸಿದ ಕೊಡಗಿನವರಿಗೆ ಸಿಕ್ಕಿದ್ದೂ ದುಂಡನೆಯ ಲೋಹವೇ. ಚಿನ್ನದಲ್ಲಿ ಕೆಲವು, ಬೆಳ್ಳಿಯಲ್ಲಿ ಹೆಚ್ಚು ಪದಕಗಳನ್ನು ಕಂಪನಿ ಅಚ್ಚು ಹಾಕಿಸಿ ಹಂಚಿತು. ಅದರಲ್ಲಿ ಆಯುಧ ಹಿಡಿದ ಕೊಡಗಿನ ಯೋಧನ ಚಿತ್ರ. ಬರಹ ಇಂಗ್ಲಿಷಿನಲ್ಲೂ ಇದೆ, ಕನ್ನಡದಲ್ಲೂ ಇದೆ. ಹೊರಗಿನ ಸಂಗ್ರಹಕಾರರು ಇದನ್ನು ಕೂರ್ಗ್ ಮೆಡಲ್ ಎಂದು ಕರೆದು ದೊಡ್ಡ ಬೆಲೆಗೆ ಕೊಳ್ಳುತ್ತಾರೆ. ಕಂಪನಿಯ ಪದಕಗಳ ಮೇಲೆ ಕನ್ನಡ ಅಕ್ಷರ ಕಾಣುವುದು ಅಪರೂಪ. ಅಂಥದ್ದನ್ನು ಉಜ್ಜಿ ಉಜ್ಜಿ ಅಕ್ಷರವನ್ನೇ ಅಳಿಸುವುದೆಂದರೆ, ಒಂದು ಶಾಸನದ ಮೇಲೆ ಬಟ್ಟೆ ಒಗೆದ ಹಾಗೆ.

ಆಮೇಲೆ ಬಂದದ್ದು ಕಾಫಿ. 1854ರಲ್ಲಿ ಫೌಲರ್ ಎಂಬ ಇಂಗ್ಲಿಷಿನವನು ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ತೋಟ ಮಾಡಿದ. ಅಲ್ಲಿಂದ ಮುಂದೆ ಬೆಟ್ಟದ ಮೇಲೆ ರೂಪಾಯಿ ಓಡಾಡತೊಡಗಿತು. ಕೂಲಿಗೆ ಬೆಳ್ಳಿ, ತಾಮ್ರ, ಉಳಿತಾಯಕ್ಕೆ ಚಿನ್ನ. ಬ್ಯಾಂಕು ದೂರವಿದ್ದ ಕಾಲದಲ್ಲಿ ಉಳಿತಾಯವನ್ನು ಇಡಲು ಎರಡೇ ಜಾಗ, ಪೆಟ್ಟಿಗೆ ಮತ್ತು ಕೊರಳು. 1899ರಲ್ಲಿ ಬ್ರಿಟಿಷರ ಸಾವರಿನ್ ಎಂಬ ಚಿನ್ನದ ನಾಣ್ಯವನ್ನು ಇಲ್ಲಿಯೂ ಚಲಾವಣೆಯ ಹಣವೆಂದು ಸರ್ಕಾರ ಒಪ್ಪಿತು. ಒಂದು ಸಾವರಿನ್‌ಗೆ 15 ರೂಪಾಯಿ. 1918ರಲ್ಲಿ ಮುಂಬಯಿಯ ಟಂಕಸಾಲೆಯೇ ಒಂದು ವರ್ಷ ಸಾವರಿನ್ ಅಚ್ಚು ಹಾಕಿತು.

ಸಾವರಿನ್‌ಗೆ ಕರಾವಳಿಯಲ್ಲೂ ಕೇರಳದಲ್ಲೂ ಕೊಡಗಿನಲ್ಲೂ ಪವನು ಎಂದು ಹೆಸರು. ಪೌಂಡು ಬಾಯಿಂದ ಬಾಯಿಗೆ ಉರುಳಿ ಪವನಾಯಿತು. ನಾಣ್ಯ ಚಲಾವಣೆಯಿಂದ ಹೋಗಿ ಎಷ್ಟೋ ಕಾಲವಾದರೂ ಅದರ ತೂಕ ಮಾತ್ರ ಅಂಗಡಿಯಲ್ಲಿ ಉಳಿದುಕೊಂಡಿದೆ. ಮದುವೆಯ ಮಾತುಕತೆಯಲ್ಲಿ ಇಪ್ಪತ್ತು ಪವನು, ಮೂವತ್ತು ಪವನು ಎನ್ನುವಾಗ ಒಂದು ಪವನಿಗೆ 8 ಗ್ರಾಂ ಲೆಕ್ಕ. ಅಸಲಿ ಸಾವರಿನ್ 7.98 ಗ್ರಾಂ. ಉಳಿದ ಚೂರು ಬಾಯಿಲೆಕ್ಕದ ಉದಾರತೆ.

ಪತ್ತಾಕ್ ಮಾಡಿದ ಅಕ್ಕಸಾಲಿಗರ ಬುದ್ಧಿವಂತಿಕೆಯನ್ನು ಇಲ್ಲಿ ಒಂದು ಕ್ಷಣ ನಿಂತು ನೋಡಬೇಕು. ಸಾವರಿನ್‌ನ ಒಂದು ಬದಿಗೆ ರಾಜನ ತಲೆ. ಇನ್ನೊಂದು ಬದಿಗೆ, ಇಟಲಿಯ ಪಿಸ್ಟ್ರುಚ್ಚಿ ಎಂಬ ಕಲಾವಿದ ಕೊರೆದ ಪ್ರಸಿದ್ಧ ಚಿತ್ರ: ಕುದುರೆ ಏರಿದ ಸಂತ ಜಾರ್ಜ್ ಹಾವಿನಂಥ ರಾಕ್ಷಸ ಪ್ರಾಣಿಯನ್ನು ಕೊಲ್ಲುತ್ತಿದ್ದಾನೆ. ಆ ನಾಣ್ಯವನ್ನು ತೆಗೆದುಕೊಂಡ ಅಕ್ಕಸಾಲಿಗ ಸುತ್ತಲೂ ಕೆಂಪು ಹರಳು ಕೂರಿಸಿ, ಕೆಳಗೆ ಮುತ್ತು ಇಳಿಬಿಟ್ಟು, ನೆತ್ತಿಯ ಮೇಲೆ ಹೆಡೆ ಎತ್ತಿದ ನಾಗರಹಾವನ್ನು ಇಟ್ಟ. ಹಿಂಬದಿಯಲ್ಲಿ ಹಾವು ಸಾಯುತ್ತಿದೆ, ಮುಂಬದಿಯಲ್ಲಿ ಅದೇ ಹಾವು ರಾಜನ ತಲೆಗೆ ನೆರಳು ಹಿಡಿದಿದೆ. ಬೇಕೆಂದೇ ಮಾಡಿದನೋ ಇಲ್ಲವೋ, ಜಗಳ ತೀರ್ಮಾನವಾದದ್ದಂತೂ ನಾಗನ ಕಡೆಗೆ.

ಪತ್ತಾಕ್ ತೊಳೆಯುವ ವಿದ್ಯೆ ಬಂದದ್ದೂ ಅಕ್ಕಸಾಲಿಗರಿಂದಲೇ. ಅವರ ಮುಖ್ಯ ಸಾಮಾನು ಅಂಟುವಾಳದ ಕಾಯಿ. ಅದನ್ನು ಜಜ್ಜಿ ನೀರಿನಲ್ಲಿ ನೆನೆಹಾಕಿ, ನೊರೆ ಬಂದ ಮೇಲೆ ಒಡವೆಯನ್ನು ಅದ್ದಿ, ಮೆದು ಕೂದಲಿನ ಬ್ರಷ್ಷಿನಿಂದ ಹರಳಿನ ಸಂದುಗಳನ್ನು ತಟ್ಟಿ ತೊಳೆಯುವುದು. ಅಂಟುವಾಳಕ್ಕೆ ಹುಣಸೆಯಷ್ಟು ಹುಳಿ ಇಲ್ಲ, ಗೀರುವ ಗುಣವಿಲ್ಲ. ಬೆವರಿನ ಜಿಡ್ಡು, ಎಣ್ಣೆ, ಅರಿಸಿನ ಕುಂಕುಮದ ಪುಡಿ ಮಾತ್ರ ಬಿಡುತ್ತದೆ. ಸಾವರಿನ್ 22 ಕ್ಯಾರೆಟ್ಟಿನದು, ಹನ್ನೆರಡರಲ್ಲಿ ಒಂದು ಪಾಲು ತಾಮ್ರ. ಆ ತಾಮ್ರದಿಂದಾಗಿ ವರ್ಷಗಳು ಕಳೆದಂತೆ ಸ್ವಲ್ಪ ಕೆಂಪು ಛಾಯೆ ಬರಬಹುದೇ ಹೊರತು, ಬೆಳ್ಳಿಯಂತೆ ಕಪ್ಪಡರುವುದಿಲ್ಲ. ಅಂದರೆ ಪತ್ತಾಕಿನ ಮೇಲೆ ಕೂರುವುದು ಕೊಳೆ, ಕಿಲುಬಲ್ಲ. ಕೊಳೆಗೆ ನೊರೆ ಸಾಕು.

ಎಚ್ಚರ ಬೇಕಾದದ್ದು ಜೊತೆಗಿರುವ ಒಡವೆಗೆ. ಜೋಮಾಲೆಯ ಗುಂಡುಗಳು ಘನ ಚಿನ್ನವಲ್ಲ. ತೆಳು ತಗಡಿನ ಒಳಗೆ ಅರಗು ತುಂಬಿರುತ್ತದೆ. ಬಿಸಿನೀರು ಬೇಗ ತೊಳೆಯುತ್ತದೆಂದು ಕುದಿಯುವ ಪಾತ್ರೆಗೆ ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಅರಗು ಕರಗಿ ಗುಂಡು ಜಜ್ಜಿಹೋಗುತ್ತದೆ. ಹಳೆಯ ಹೆಂಗಸರು ಉಗುರುಬೆಚ್ಚಗಿನ ನೀರು ಎನ್ನುತ್ತಿದ್ದದ್ದು ಸುಮ್ಮನೆ ಅಲ್ಲ.

ಬೆಳ್ಳಿ, ತಾಮ್ರದ ಪಾಡು ಬೇರೆ. ಅದರಲ್ಲೂ ಕೊಡಗಿನ ಹವೆ ಅವುಗಳ ಪರಮ ವೈರಿ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ. ಭಾಗಮಂಡಲದ ಕಡೆ ಅದಕ್ಕೂ ಎಷ್ಟೋ ಹೆಚ್ಚು. ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಚಪ್ಪಲಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು, ಗೋಡೆಗೆ ತೂಗುಹಾಕಿದ ಕೋಟಿಗೂ ಬೂಷ್ಟು. ಒಲೆಯ ಹೊಗೆ ಇಡೀ ಮನೆ ತುಂಬಿರುತ್ತದೆ, ಪೆಟ್ಟಿಗೆಯಲ್ಲಿ ಉಣ್ಣೆಯ ಕಂಬಳಿ ಇರುತ್ತದೆ. ಹೊಗೆಯಲ್ಲೂ ಉಣ್ಣೆಯಲ್ಲೂ ಗಂಧಕದ ಅಂಶ ಉಂಟು. ಬೆಳ್ಳಿಗೆ ಗಂಧಕವೆಂದರೆ ಸಾಕು, ತಬ್ಬಿಕೊಂಡುಬಿಡುತ್ತದೆ. ಮೊದಲು ತೆಳು ಹಳದಿ, ಆಮೇಲೆ ಕಂದು, ನೇರಳೆ, ನೀಲಿ, ಕೊನೆಗೆ ಕಪ್ಪು. ಈ ಕಪ್ಪು ಕೊಳೆಯಲ್ಲ. ಬೆಳ್ಳಿಯೇ ಬೇರೆ ರೂಪ ತಾಳಿದ್ದು, ಸಿಲ್ವರ್ ಸಲ್ಫೈಡ್. ಅದನ್ನು ಉಜ್ಜಿ ತೆಗೆಯುವುದೆಂದರೆ ಬೆಳ್ಳಿಯನ್ನೇ ಉಜ್ಜಿ ತೆಗೆದಂತೆ. ಮನೆಯಲ್ಲಿ ನಾಣ್ಯ ತೊಳೆಯುವವರು ಮೊದಲು ತಿಳಿಯಬೇಕಾದ ಸಂಗತಿ ಇದೊಂದೇ. ಹೆಚ್ಚಿನವರು ಕೊನೆಗೆ ತಿಳಿಯುವುದೂ ಇದನ್ನೇ.

ತಾಮ್ರದ ಹಸಿರು ಕಿಲುಬಿನ ಬಣ್ಣ ಕಾಫಿ ಬೆಳೆಗಾರರಿಗೆ ಚೆನ್ನಾಗಿ ಪರಿಚಯ. ಮಳೆಗೆ ಮುಂಚೆ ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತವೂ ತಾಮ್ರದ್ದೇ ಒಂದು ಅವತಾರ. ಕಾಸಿನ ಮೇಲೆ ಗಟ್ಟಿಯಾಗಿ, ನುಣುಪಾಗಿ ಕೂತ ಕಡುಹಸಿರು ಅಥವಾ ಕಂದು ಪದರ ನಾಣ್ಯಕ್ಕೆ ಕವಚ. ಅದು ಒಳಗಿನ ಲೋಹವನ್ನು ಕಾಯುತ್ತದೆ. ಹೆದರಬೇಕಾದದ್ದು ತಿಳಿಹಸಿರಿನ, ಉದುರುವ ಪುಡಿಗೆ. ಬೆವರು ಉಪ್ಪಿನ ಕ್ಲೋರೈಡು ಲೋಹದೊಳಗೆ ಹೊಕ್ಕಿದ್ದರೆ ಈ ಪುಡಿ ಮತ್ತೆ ಮತ್ತೆ ಏಳುತ್ತದೆ. ನಾಣ್ಯಶಾಸ್ತ್ರದವರು ಇದನ್ನು ಕಂಚಿನ ರೋಗ ಎನ್ನುತ್ತಾರೆ. ರೋಗ ತಗುಲಿದ ಕಾಸನ್ನು ಉಳಿದವುಗಳಿಂದ ಬೇರೆ ಇಡಬೇಕು, ಒಣಗಿಸಬೇಕು. ಕಕ್ಕಡದಲ್ಲಿ ಒಣಗಿಸುವುದು ಹೇಗೆಂಬುದು ಕೊಡಗಿನವರಿಗೇ ಬಿಟ್ಟ ಪ್ರಶ್ನೆ.

ಲೋಹ ಉಜ್ಜುವುದು ಕೊಡಗಿನ ಮನೆಗೆ ಹೊಸ ಕೆಲಸವಲ್ಲ, ಅದಕ್ಕೊಂದು ಹಬ್ಬವೇ ಇದೆ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್. ಗದ್ದೆಯ ನಾಟಿ ಮುಗಿದು ಕೈ ಬಿಡುವಾದ ಹೊತ್ತಿಗೆ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನೆಲ್ಲ ಇಳಿಸಿ, ತುಕ್ಕು ತಿಕ್ಕಿ, ಎಣ್ಣೆ ಸವರಿ, ತೋಕ್‌ಪೂವಿನಿಂದ ಸಿಂಗರಿಸಿ ಪೂಜೆಗಿಡುತ್ತಾರೆ. ಐನ್‌ಮನೆಯ ತೂಗುದೀಪ, ಹಾಲೆರೆಯುವ ಕಿಂಡಿ, ತಟ್ಟೆ ಚೆಂಬುಗಳಿಗೆ ಹುಣಸೆ, ಬೂದಿ, ಇಟ್ಟಿಗೆ ಪುಡಿ ಬೀಳುತ್ತದೆ. ಹಿತ್ತಾಳೆಯ ದೀಪಕ್ಕೆ ಇದೆಲ್ಲ ಸರಿ. ದೀಪ ನೂರು ಸಲ ಉಜ್ಜಿದರೂ ದೀಪವೇ. ನಾಣ್ಯ ನೂರು ಸಲ ಉಜ್ಜಿದರೆ ಬಿಲ್ಲೆ. ಸವಕಲು ನಾಣ್ಯ ಎಂಬ ಮಾತು ಕನ್ನಡದಲ್ಲಿ ಬೈಗುಳದಂತೆ ನಿಂತಿರುವುದು ಸುಮ್ಮನೆಯೇ?

ಈ ಸವೆತಕ್ಕೆ ಹಿಂದೆ ಸರ್ಕಾರವೇ ದಂಡ ಹಾಕುತ್ತಿತ್ತು. 1906ರ ನಾಣ್ಯ ಕಾಯಿದೆಯ ಪ್ರಕಾರ ರೂಪಾಯಿಯ ತೂಕ ನಿಗದಿಗಿಂತ ನೂರಕ್ಕೆ ಎರಡು ಪಾಲನ್ನು ಮೀರಿ ಇಳಿದಿದ್ದರೆ ಅದನ್ನು ಪೂರ್ತಿ ಬೆಲೆಗೆ ತೆಗೆದುಕೊಳ್ಳಲೇಬೇಕೆಂದಿಲ್ಲ. ಎರಡು ಪಾಲೆಂದರೆ ಕಾಲು ಗ್ರಾಮಿಗೂ ಕಡಿಮೆ. ಬೆಳ್ಳಿ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ. ಹಾಗಾಗಿ ತಕ್ಕಡಿಯ ಬಟ್ಟಾಗಿಯೂ ಅದು ಕೆಲಸ ಮಾಡುತ್ತಿತ್ತು. ಬೂದಿಯಲ್ಲಿ ಹೊಳೆಹೊಳೆಯುವಂತೆ ಉಜ್ಜಿದ ರೂಪಾಯಿಯನ್ನು ತಕ್ಕಡಿಗೆ ಇಟ್ಟರೆ ಎದುರಿನ ತಟ್ಟೆಯ ಚಿನ್ನವೂ ಅಷ್ಟೇ ಕಡಿಮೆ.

ಹುಳಿಯ ವಿಷಯಕ್ಕೆ ಬಂದರೆ ಕೊಡಗಿನಷ್ಟು ಶ್ರೀಮಂತ ಅಡಿಗೆಮನೆ ಇನ್ನೊಂದಿಲ್ಲ. ಹುಣಸೆ ಉಂಟು, ನಿಂಬೆ ಉಂಟು, ಕೈಪುಳಿ ಉಂಟು, ಎಲ್ಲಕ್ಕೂ ಮೇಲೆ ಕಾಚಂಪುಳಿ ಉಂಟು. ಪಣಪುಳಿಯ ಹಣ್ಣು ಮಳೆಗಾಲದಲ್ಲಿ ಮಾಗುತ್ತದೆ. ಅದರಿಂದ ತೊಟ್ಟಿಕ್ಕುವ ರಸವನ್ನು ಕಪ್ಪಗೆ, ದಪ್ಪಗೆ ಆಗುವವರೆಗೂ ಕುದಿಸಿ ಬಾಟಲಿಗೆ ತುಂಬಿದ್ದೇ ಕಾಚಂಪುಳಿ; ವರ್ಷಗಟ್ಟಲೆ ಕೆಡುವುದಿಲ್ಲ. ಹಂದಿಮಾಂಸದ ಪಂದಿಕರಿಗೆ ಒಂದು ಚಮಚ ಸಾಕು. ತಾಮ್ರದ ಕಾಸಿಗೆ ಯಾವ ಹುಳಿಯಾದರೂ ಒಂದೇ ಪರಿಣಾಮ: ಮೇಲಿನ ಆಕ್ಸೈಡು ಕರಗುತ್ತದೆ, ಕೆಳಗಿನ ಹಸಿ ಲೋಹ ಹೊರಬರುತ್ತದೆ. ಆಗ ಕಾಣುವ ಬಣ್ಣ ಹೊಸ ತಾಮ್ರದ್ದಲ್ಲ, ಸಿಪ್ಪೆ ಸುಲಿದ ಚರ್ಮದ ಹಾಗೆ ಒಂದು ನಮೂನೆಯ ಗುಲಾಬಿ. ನಾಲ್ಕು ದಿನ ಕಳೆದರೆ ಮತ್ತೆ ಕಲೆಕಲೆಯಾಗಿ ಕಪ್ಪು. ಮೊದಲಿನ ಸಮನಾದ ಕಂದು ಮತ್ತೆ ಬರುವುದು ಮೊಮ್ಮಕ್ಕಳ ಕಾಲಕ್ಕೆ. ಹುಳಿ ಹಿಂಡುವುದು ಎಂಬ ಮಾತಿಗೆ ಇದಕ್ಕಿಂತ ನೇರ ಉದಾಹರಣೆ ಸಿಗಲಾರದು. ಕಾಚಂಪುಳಿಯ ಬೆಲೆ ಗೊತ್ತಿದ್ದವರು ಅದನ್ನು ಕಾಸಿಗೆ ಸುರಿಯುವುದೂ ಇಲ್ಲ ಬಿಡಿ.

ಇಪ್ಪತ್ತನೆಯ ಶತಮಾನದಲ್ಲಿ ಬೂದಿಯ ಜಾಗಕ್ಕೆ ಡಬ್ಬಿಯ ಪಾಲಿಶು ಬಂತು. ಜನರಲ್ ತಿಮ್ಮಯ್ಯ, ಫೀಲ್ಡ್ ಮಾರ್ಷಲ್ ಕಾರ್ಯಪ್ಪರ ನಾಡಿನಲ್ಲಿ ಬ್ರಾಸೊ ಯಾರಿಗೂ ಹೊಸ ಹೆಸರಲ್ಲ. ಬೆಲ್ಟಿನ ಬಕಲು, ಕೋಟಿನ ಗುಂಡಿ ಮಿರುಗದೆ ಸೈನಿಕನಿಗೆ ಬೆಳಗಾಗುವುದಿಲ್ಲ. ನಿವೃತ್ತನಾಗಿ ಬಂದವನ ಜೊತೆಗೆ ಆ ಅಭ್ಯಾಸವೂ ಮನೆಗೆ ಬರುತ್ತದೆ. ಆದರೆ ಈ ಪಾಲಿಶುಗಳಲ್ಲಿ ನುಣ್ಣಗಿನ ಕಲ್ಲುಪುಡಿ ಇರುತ್ತದೆ, ಅಮೋನಿಯಾ ಇರುತ್ತದೆ. ಬಕಲಿಗೆ ಅದು ಸ್ನಾನ, ನಾಣ್ಯಕ್ಕೆ ಚರ್ಮ ಸುಲಿತ. ಟೂತ್‌ಪೇಸ್ಟಿನ ಕತೆಯೂ ಇಷ್ಟೇ. ಭೂತಗನ್ನಡಿ ಹಿಡಿದು ನೋಡಿದರೆ ರಾಣಿಯ ಕೆನ್ನೆಯ ಮೇಲೆ ಒಂದೇ ದಿಕ್ಕಿನ ಗೀರುಗಳು ಸಾಲಾಗಿ ಕಾಣುತ್ತವೆ. ನಾಣ್ಯ ವ್ಯಾಪಾರಿ ಆ ಗೀರು ನೋಡಿದ ಕೂಡಲೇ ಬೆಲೆ ಇಳಿಸುತ್ತಾನೆ.

ಕಡಿಮೆ ಹಾನಿಯ ದಾರಿಯೊಂದು ಉಂಟು. ಪಾತ್ರೆಗೆ ಅಲ್ಯೂಮಿನಿಯಂ ಹಾಳೆ ಹಾಸಿ, ನಾಣ್ಯ ಅದಕ್ಕೆ ತಾಗುವಂತೆ ಇಟ್ಟು, ಬಿಸಿನೀರು ಮತ್ತು ಅಡಿಗೆ ಸೋಡ ಹಾಕುವುದು. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ; ಅದು ಗಂಧಕ ಬೆಳ್ಳಿಯನ್ನು ಬಿಟ್ಟು ಹೊರಟ ಸೂಚನೆ. ಉಜ್ಜುವಾಗ ಕಪ್ಪಿನ ಜೊತೆ ಬೆಳ್ಳಿಯೂ ಹೋಗುತ್ತದೆ. ಇಲ್ಲಿ ಕಪ್ಪಾಗಿದ್ದ ಬೆಳ್ಳಿ ಮತ್ತೆ ಬೆಳ್ಳಿಯಾಗಿ ಅಲ್ಲೇ ಉಳಿಯುತ್ತದೆ. ಶಾಲೆಯ ವಿಜ್ಞಾನ ಮೇಳಕ್ಕೆ ಹೇಳಿಮಾಡಿಸಿದ ಪ್ರಯೋಗ. ಆದರೂ ನೂರು ವರ್ಷದಲ್ಲಿ ಕೂತ ನೀಲಿ ನೇರಳೆಯ ಛಾಯೆ ಒಮ್ಮೆ ಹೋದರೆ ಹೋಯಿತು. ಆ ಛಾಯೆಗೇ ಹೆಚ್ಚು ದುಡ್ಡು ಕೊಡುವ ಸಂಗ್ರಹಕಾರರು ಜಗತ್ತಿನಲ್ಲೆಲ್ಲ ಇದ್ದಾರೆ.

ವಸ್ತುಸಂಗ್ರಹಾಲಯಗಳ ರಸಾಯನ ತಜ್ಞರು ಕೂಡ ನಾಣ್ಯ ತೊಳೆಯುತ್ತಾರೆ, ನಿಜ. ಅವರು ತೊಳೆಯುವುದು ಓದಲು, ಹೊಳೆಯಿಸಲು ಅಲ್ಲ. ಮಣ್ಣಿನಡಿಯ ನಿಧಿ ಕಲ್ಲಿನ ಮುದ್ದೆಯಂತೆ ಅಂಟಿಕೊಂಡು ಬಂದಾಗ ಯಾವ ಅರಸನದು ಎಂದು ಗೊತ್ತಾಗಬೇಕಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ಗಡಿಗೆ ಸಿಕ್ಕಿತು. ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಹೆಸರು ಓದಲು ಸಿಕ್ಕಿದ್ದರಿಂದಲೇ ಅವು ಎರಡು ಸಾವಿರ ವರ್ಷ ಹಿಂದಿನವೆಂದು ತಿಳಿಯಿತು. ಕಾಫಿ ತೋಟಕ್ಕೆ ಗುಂಡಿ ತೋಡುವಾಗ ಅಂಥದ್ದೇನಾದರೂ ಸಿಕ್ಕರೆ ಮನೆಗೆ ಒಯ್ದು ಹುಣಸೆ ಹಚ್ಚುವ ಹಾಗಿಲ್ಲ. ಮಣ್ಣಿನಲ್ಲಿ ಹುದುಗಿದ್ದ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂದು ಕಾನೂನೇ ಹೇಳಿದೆ.

ಪೆಟ್ಟಿಗೆಯ ಗಂಟಿನಲ್ಲಿ ಸಾಮಾನ್ಯವಾಗಿ ಸಿಗುವುದು ಅಷ್ಟು ಹಳೆಯದಲ್ಲ. ವಿಕ್ಟೋರಿಯಾಳ ರೂಪಾಯಿಗಳಲ್ಲೇ ಎರಡು ಬಗೆ: ಮೊದಲಿನವುಗಳಲ್ಲಿ ಆಕೆ ಬರೀ ರಾಣಿ, 1877ರಿಂದ ಈಚಿನವುಗಳಲ್ಲಿ ಸಾಮ್ರಾಜ್ಞಿ. ಎಡ್ವರ್ಡ್ ದೊರೆಯ ತಲೆಗೆ ಕಿರೀಟವಿಲ್ಲ. 1940ರಿಂದ ಆರನೇ ಜಾರ್ಜಿನ ರೂಪಾಯಿಗೆ ಅರ್ಧ ಬೆಳ್ಳಿ ಮಾತ್ರ. ಯುದ್ಧದ ಕಾಲ, ಬೆಳ್ಳಿ ಸಾಲಲಿಲ್ಲ, ತಾಮ್ರ ನಿಕಲ್ ಸತುವು ಬೆರೆಸಿದರು. ಇದನ್ನು ಉಜ್ಜಿದವರಿಗೆ ಬೆಳ್ಳಿಯ ಬಿಳುಪು ಬಾರದೆ ಒಂದು ಥರ ಹಳದಿ ಮುಖ ಎದುರಾಗುತ್ತದೆ, ಇನ್ನೂ ಕೊಳೆ ಹೋಗಿಲ್ಲವೆಂದು ಮತ್ತಷ್ಟು ಉಜ್ಜುತ್ತಾರೆ. 1943ರಿಂದ ತೂತು ಕಾಸು. 1947ರ ರೂಪಾಯಿ ಶುದ್ಧ ನಿಕಲ್, ಅದಕ್ಕೆ ಕಪ್ಪಿನ ಭಯವಿಲ್ಲ. 1957ರ ಏಪ್ರಿಲ್ ಒಂದರಿಂದ ನಯಾ ಪೈಸೆ. ಅಷ್ಟರಲ್ಲಿ ಕೊಡಗು ತನ್ನದೇ ರಾಜ್ಯವಾಗಿದ್ದ ಕಾಲವೂ ಮುಗಿದು, 1956ರ ನವೆಂಬರ್ ಒಂದರಂದು ಮೈಸೂರಿನ ಜೊತೆ ಸೇರಿಯಾಗಿತ್ತು. ಇಂದು ತಲಕಾವೇರಿಯ ಕುಂಡಿಕೆಗೆ ಭಕ್ತರು ಹಾಕುವ ನಾಣ್ಯ ಹೆಚ್ಚಾಗಿ ಸ್ಟೀಲಿನದು. ನೀರಿನಲ್ಲಿ ಎಷ್ಟು ದಿನ ಇದ್ದರೂ ಹಾಗೇ ಇರುತ್ತದೆ. ಅದನ್ನು ತೊಳೆಯಬೇಕೆಂದು ಯಾರಿಗೂ ಅನ್ನಿಸದು, ಕೊರಳಿಗೆ ಹಾಕಿಕೊಳ್ಳಬೇಕೆಂದೂ ಅನ್ನಿಸದು.

ಹಾಗಾದರೆ ತೊಳೆಯಬೇಕೋ ಬೇಡವೋ? ಜಗಳ ಇರುವುದು ಎರಡು ಬಗೆಯ ನಾಣ್ಯಗಳನ್ನು ಒಂದೇ ಎಂದು ತಿಳಿಯುವುದರಲ್ಲಿ. ಪತ್ತಾಕಿನ ಸಾವರಿನ್ ನಾಣ್ಯವಾಗಿ ನಿವೃತ್ತಿ ಪಡೆದು ಒಡವೆಯಾಗಿದೆ. ಅದರ ಮೈ ಮೇಲೆ ಬೆಸುಗೆ ಬಿದ್ದಿದೆ, ಹರಳು ಕೂತಿದೆ. ಅದನ್ನು ತೊಳೆಯದೆ ಕಣಿಪೂಜೆಗೆ ಇಡುವುದೇ ತಪ್ಪು. ಮುಡಿಪಿನ ರೂಪಾಯಿ ಇನ್ನೂ ನಾಣ್ಯವೇ. ಹರಕೆ ಹೊತ್ತವರ ಕೈಯ ಅರಿಸಿನ ಅದರ ಅಕ್ಷರಗಳ ಸಂದಿನಲ್ಲಿ ಇನ್ನೂ ಇರಬಹುದು. ಅದಕ್ಕೆ ಬೇಕಾದದ್ದು ಒಣ ಜಾಗ, ಕಾಗದದ ಲಕೋಟೆ, ಅಂಚು ಹಿಡಿದು ಎತ್ತುವ ಬೆರಳು, ಅಷ್ಟೇ. ಅಗ್ಗದ ಪ್ಲಾಸ್ಟಿಕ್ ಚೀಲ ಬೇಡ. ಪಿವಿಸಿಯ ಚೀಲ ಹಳತಾದಂತೆ ಹಸಿರು ಜಿಗುಟು ಬಿಡುತ್ತದೆ. ಮಣ್ಣು ಮೆತ್ತಿದ್ದರೆ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ಒತ್ತಿ ಒಣಗಿಸಿದರೆ ಸಾಕು. ಉಜ್ಜುವುದು ಬೇಡ.

ನಂಬದವರಿಗೆ 1911ರ ರೂಪಾಯಿಯ ಕತೆ. ಐದನೇ ಜಾರ್ಜಿನ ಮೊದಲ ರೂಪಾಯಿ ಅದು. ದೊರೆಯ ನಿಲುವಂಗಿಯ ಮೇಲೆ ಒಂದು ಸಣ್ಣ ಆನೆ ಕೊರೆದಿದ್ದರು. ಸೊಂಡಿಲು ಮೊಟಕಾಗಿ, ಕಾಲು ಗಿಡ್ಡವಾಗಿ, ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು. ಗಲಾಟೆಯಾಯಿತು. ಸರ್ಕಾರ ಹೆದರಿ ನಾಣ್ಯವನ್ನು ತಡೆಹಿಡಿದು, ಅಚ್ಚಾಗಿದ್ದರಲ್ಲಿ ಬಹುಪಾಲನ್ನು ಕರಗಿಸಿತು. 1912ರ ರೂಪಾಯಿಯಲ್ಲಿ ಸೊಂಡಿಲು ತಿದ್ದಿದ ಆನೆ ಬಂತು. ಪಂದಿಕರಿಯ ನಾಡಿನಲ್ಲಿ ಹಂದಿ ರೂಪಾಯಿಗೆ ಯಾರೂ ಮುಖ ತಿರುಗಿಸಿರಲಾರರು. ಈಗ ಅದು ಸಂಗ್ರಹಕಾರರು ಹುಡುಕುವ ನಾಣ್ಯ. ಆ ಪ್ರಾಣಿ ಇರುವುದು ಎದೆಯ ಭಾಗದಲ್ಲಿ, ಉಬ್ಬಿದ ಕಡೆ. ಹುಣಸೆ, ಬೂದಿ, ಬ್ರಾಸೊ ಯಾವುದೇ ಇರಲಿ, ಮೊದಲು ಸವೆಯುವುದು ಅದೇ ಜಾಗ. ಅಟ್ಟದ ಗಂಟಿನಲ್ಲಿ 1911 ಎಂಬ ವರ್ಷ ಕಂಡರೆ, ಹುಣಸೆಹಣ್ಣನ್ನು ಕೆಳಗಿಟ್ಟು ಮೊದಲು ಸೊಂಡಿಲು ನೋಡಿ.